"ಕೈ ನಿಮ್ಮದು, ತೀರ್ಮಾನವೂ ನಿಮ್ಮದೇ" ಅಂದರು

ಡಾಕ್ಟರ್ ನನ್ನ ಬಲಗೈಯನ್ನು ಮೇಜಿನ ಮೇಲೆ ಅಂಗಾತ ಇಡಿಸಿ ಹೆಬ್ಬೆರಳ ಬುಡದ ಉಬ್ಬನ್ನು ಒತ್ತಿ ನೋಡಿದರು. ನರದ ಪರೀಕ್ಷೆಯ ರಿಪೋರ್ಟ್ ಓದಿದರು. ನನ್ನದು ಕಾರ್ಪಲ್ ಟನೆಲ್, ಅಂದರೆ ಮಣಿಕಟ್ಟಿನಲ್ಲಿ ನರ ನಲುಗಿ ಬೆರಳು ಜೋಮು ಹಿಡಿಯುವ ತೊಂದರೆ. ಆಪರೇಷನ್ ಮಾಡಿಸಿಕೊಳ್ಳಬೇಕೋ ಬೇಡವೋ ಅನ್ನುವುದೇ ಪ್ರಶ್ನೆ. ಆಮೇಲೆ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು, "ಹೇಳಿ, ಏನು ಮಾಡೋಣ ಅಂತೀರಿ?" ಅಂದರು.

ನನಗೆ ಚುರುಕ್ ಅಂತು. ಎಂಟು ತಿಂಗಳು ಕಾದು ಇವರ ಎದುರು ಬಂದು ಕೂತಿದ್ದೇನೆ, ಹೇಳಬೇಕಾದವರು ಇವರು, ನನ್ನನ್ನೇ ಕೇಳ್ತಾರಲ್ಲ! "ನಿಮ್ಮ ಕೈಯಾಗಿದ್ರೆ ನೀವೇನು ಮಾಡ್ತಿದ್ರಿ?" ಅಂತ ಕೇಳಿಯೇ ಬಿಟ್ಟೆ. "ನನ್ನ ಕೆಲಸ ಬೇರೆ, ನಿಮ್ಮ ಕೆಲಸ ಬೇರೆ. ಕೈ ನಿಮ್ಮದು, ತೀರ್ಮಾನವೂ ನಿಮ್ಮದೇ" ಅಂದು ನಾಲ್ಕು ಪುಟದ ಒಂದು ಕರಪತ್ರ ಕೊಟ್ಟರು. ಓದಿ, ಯೋಚನೆ ಮಾಡಿ, ಫೋನ್ ಮಾಡಿ ಅಂದರು.

ಇಂಗ್ಲೆಂಡಿನ ಯಾರ್ಕ್‌ಷೈರಿಗೆ ಬಂದು ಹದಿನಾರು ವರ್ಷವಾಯ್ತು. ಚಳಿಗೂ ಒಗ್ಗಿಕೊಂಡಿದ್ದೇನೆ, ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವುದಕ್ಕೂ ಒಗ್ಗಿಕೊಂಡಿದ್ದೇನೆ. ಆದರೆ ಆ ದಿನ ಕರಪತ್ರ ಹಿಡಿದುಕೊಂಡು ಬಸ್ಸಿನಲ್ಲಿ ಬರುವಾಗ ಆದಷ್ಟು ಒಂಟಿತನ ನನಗೆ ಇಲ್ಲಿ ಯಾವತ್ತೂ ಆಗಿರಲಿಲ್ಲ. ತಿಪಟೂರಿನಲ್ಲಿ ಇದ್ದಿದ್ದರೆ ಹೀಗಾಗುತ್ತಿತ್ತಾ ಅಂತ ದಾರಿಯುದ್ದಕ್ಕೂ ಅದೇ ಯೋಚನೆ.

ಆಗುತ್ತಿರಲಿಲ್ಲ. ನಮ್ಮ ಅತ್ತಿಗೆಗೆ ಇದೇ ತೊಂದರೆ ನನಗಿಂತ ಎರಡು ವರ್ಷ ಮೊದಲು ಬಂದಿತ್ತು. ಸೋಮವಾರ ಅಣ್ಣ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮೂಳೆ ಡಾಕ್ಟರ ಹತ್ತಿರ ಹೋದ. ಡಾಕ್ಟರು ಕೈ ಹಿಡಿದು ನೋಡಿ, "ಏನಮ್ಮಾ, ಇಷ್ಟು ದಿನ ಯಾಕೆ ಸುಮ್ನಿದ್ರಿ?" ಅಂತ ಗದರಿದರಂತೆ. ಮಾರನೇ ದಿನ ತುಮಕೂರಿಗೆ ಹೋಗಿ ನರದ ಟೆಸ್ಟ್ ಮಾಡಿಸಿಕೊಂಡು ಬಂದರು, ಗುರುವಾರ ಆಪರೇಷನ್. ಅತ್ತಿಗೆಯನ್ನು ಯಾರೂ ಏನೂ ಕೇಳಲಿಲ್ಲ. ಡಾಕ್ಟರು ಅಣ್ಣನಿಗೆ ಹೇಳಿದರು, ಅಣ್ಣ "ನೀವು ಹೇಳಿದ ಹಾಗೆ ಡಾಕ್ಟ್ರೇ" ಅಂದ, ಅಷ್ಟೇ. ಆಪರೇಷನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಏಳು ಜನ ಕೂತಿದ್ದರು. ಚಿಕ್ಕಮ್ಮ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು. ನನಗೆ ವಿಡಿಯೋ ಕಾಲ್ ಮಾಡಿ ತೋರಿಸಿದರು. ಅತ್ತಿಗೆಯ ಮುಖದಲ್ಲಿ ಒಂದಿಷ್ಟೂ ಚಿಂತೆ ಇರಲಿಲ್ಲ. ತೀರ್ಮಾನದ ಭಾರ ಅವರ ತಲೆಯ ಮೇಲೆ ಇರಲಿಲ್ಲವಲ್ಲ.

ನನ್ನದು ಶುರುವಾಗಿದ್ದು ರಾತ್ರಿ ಹೊತ್ತು. ಎರಡು ಗಂಟೆಗೋ ಮೂರು ಗಂಟೆಗೋ ಎಚ್ಚರವಾಗುತ್ತಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಊದಿಕೊಂಡ ಹಾಗೆ, ಒಳಗೆ ಕೆಂಡ ಇಟ್ಟ ಹಾಗೆ. ಎದ್ದು ಕೂತು ಕೈ ಒದರಿದರೆ ಐದು ನಿಮಿಷಕ್ಕೆ ಕಡಿಮೆ. ನಾನು ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ವಯಸ್ಸಾದವರ ವಾರದ ಮಾತ್ರೆಗಳನ್ನು ಟ್ರೇಗೆ ತುಂಬುವುದು, ಅಂದರೆ ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ಒಂದೊಂದೇ ಮಾತ್ರೆಯನ್ನು ಹಾಳೆಯಿಂದ ಹೊರಗೆ ತೆಗೆಯುವುದು, ದಿನಕ್ಕೆ ಎಷ್ಟು ನೂರೋ. ಹಗಲಿನಲ್ಲೂ ಮಾತ್ರೆ ಕೈ ಜಾರಿ ಬೀಳತೊಡಗಿದ ಮೇಲೆ ನಮ್ಮ ಜಿಪಿ, ಅಂದರೆ ಇಲ್ಲಿಯ ಫ್ಯಾಮಿಲಿ ಡಾಕ್ಟರ್, ಹತ್ತಿರ ಹೋದೆ. ಎರಡು ಅಂಗೈಯ ಹಿಂಭಾಗ ಒಂದಕ್ಕೊಂದು ತಾಗುವ ಹಾಗೆ, ನಮಸ್ಕಾರವನ್ನು ತಲೆಕೆಳಗು ಮಾಡಿದ ಹಾಗೆ, ಒಂದು ನಿಮಿಷ ಹಿಡಿಯಿರಿ ಅಂದರು. ಅರ್ಧ ನಿಮಿಷಕ್ಕೇ ಬೆರಳಿಗೆ ಇರುವೆ ಹರಿದ ಹಾಗಾಯ್ತು. "ಕಿರುಬೆರಳು ಚೆನ್ನಾಗಿದೆ ಅಲ್ವಾ?" ಅಂತ ಕೇಳಿದರು. ಹೌದು, ಅದಕ್ಕೇನೂ ಆಗಿರಲಿಲ್ಲ. ಕಿರುಬೆರಳಿಗೆ ಹೋಗುವ ನರವೇ ಬೇರೆಯಂತೆ. ಹಾಗಾದರೆ ಇದು ಕಾರ್ಪಲ್ ಟನೆಲ್ ಅಂದರು.

ಅವರು ವಿವರಿಸಿದ್ದು ಸರಳವಾಗಿತ್ತು. ಮಣಿಕಟ್ಟಿನಲ್ಲಿ ಒಂದು ಕಿರಿದಾದ ಸುರಂಗ ಇದೆ. ಮೂರು ಕಡೆ ಮೂಳೆ, ಅಂಗೈ ಕಡೆ ಒಂದು ಗಟ್ಟಿ ಪಟ್ಟಿ. ಬೆರಳು ಮಡಿಸುವ ಒಂಬತ್ತು ನಾರುಗಳು ಮತ್ತು ಮೀಡಿಯನ್ ಅನ್ನುವ ಒಂದು ನರ ಅದರೊಳಗೇ ಹೋಗಬೇಕು. ಒಳಗೆ ಸ್ವಲ್ಪ ಊತ ಬಂದರೂ ಮೆತ್ತಗಿರುವ ನರವೇ ನಲುಗುವುದು. ಥೈರಾಯ್ಡ್ ಕಡಿಮೆ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಬಸುರಿಯರಿಗೆ, ಇದು ಬರುವ ಸಾಧ್ಯತೆ ಜಾಸ್ತಿ. ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಆವತ್ತೇ ರಕ್ತ ಪರೀಕ್ಷೆಗೆ ಬರೆದುಕೊಟ್ಟರು, ನನಗೆ ಎರಡೂ ಇರಲಿಲ್ಲ.

ಆಮೇಲೆ ಶುರುವಾಯಿತು ಮೆಟ್ಟಿಲು ಹತ್ತುವ ಕೆಲಸ. ಮೊದಲು ಮಣಿಕಟ್ಟು ನೇರ ಇರುವ ಹಾಗೆ ರಾತ್ರಿ ಪಟ್ಟಿ ಕಟ್ಟಿಕೊಂಡು ಮಲಗುವುದು. ಎಂಟು ವಾರ. ಸ್ವಲ್ಪ ವಾಸಿಯಾಯಿತು, ಪೂರ್ತಿ ಅಲ್ಲ. ಆಮೇಲೆ ಮಣಿಕಟ್ಟಿಗೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್. ಅದಾದ ಮೇಲೆ ಎರಡು ತಿಂಗಳು ಸ್ವರ್ಗ, ನಂತರ ಮತ್ತೆ ಅದೇ ಕಥೆ. ಈ ದೇಶದಲ್ಲೇ ಮಾಡಿದ ಒಂದು ಅಧ್ಯಯನ 2018ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು, 6 ವಾರಕ್ಕೆ ನೋಡಿದರೆ ರಾತ್ರಿ ಪಟ್ಟಿಗಿಂತ ಇಂಜೆಕ್ಷನ್ ಮೇಲು, 6 ತಿಂಗಳಿಗೆ ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ ಅಂತ ಜಿಪಿಯೇ ಹೇಳಿದರು. ಇಂಗ್ಲೆಂಡಿನಲ್ಲಿ ಸ್ನಾಯು ಸವೆಯದಿದ್ದರೆ, ಸ್ಪರ್ಶ ಸದಾಕಾಲ ಕಡಿಮೆಯಾಗಿರದಿದ್ದರೆ, ಇವುಗಳಲ್ಲಿ ಒಂದನ್ನಾದರೂ ಮಾಡಿ ನೋಡದೆ ಸಾಮಾನ್ಯವಾಗಿ ಆಪರೇಷನ್ನಿಗೆ ಕಳಿಸುವುದಿಲ್ಲ. ಅದರ ಜೊತೆಗೆ ಪ್ರತಿ ಮೆಟ್ಟಿಲಿನ ಮಧ್ಯೆ ಕಾಯುವುದು. ಅಣ್ಣ ಫೋನ್ ಮಾಡಿದಾಗಲೆಲ್ಲ "ಇನ್ನೂ ಆಗಿಲ್ವಾ? ಟಿಕೆಟ್ ತಗೊಂಡು ಬಾ, ನಾಲ್ಕು ದಿನದಲ್ಲಿ ಮುಗಿಸಿ ಕಳಿಸ್ತೀನಿ" ಅನ್ನುತ್ತಿದ್ದ. ಎಷ್ಟೋ ಸಲ ಟಿಕೆಟ್ ರೇಟು ನೋಡಿದ್ದೇನೆ.

ಕಾಯುವುದಾದರೂ ಸರಿ. ನನ್ನ ಸಂಕಟ ಆ ಪ್ರಶ್ನೆಯದು. ಮನೆಗೆ ಬಂದು ಯಜಮಾನರಿಗೆ ಕರಪತ್ರ ತೋರಿಸಿದರೆ ಅವರೂ "ನಿನಗೆ ಹೇಗೆ ಅನಿಸುತ್ತೋ ಹಾಗೆ" ಅಂದರು. ಇಲ್ಲಿ ಇದ್ದೂ ಇದ್ದೂ ಅವರಿಗೂ ಇಲ್ಲಿಯ ಗಾಳಿ ತಾಗಿದೆ. ನನ್ನನ್ನು ಗೌರವಿಸುತ್ತಿದ್ದಾರೆ ಅಂತ ಗೊತ್ತು. ಆದರೆ ನೋವಿನಲ್ಲಿರುವವರಿಗೆ ಆ ಗೌರವ ಸಾಕಾಗುವುದಿಲ್ಲ. ದಿನಕ್ಕೆ ಹತ್ತು ಕೈ ನೋಡುವ ಮನುಷ್ಯ "ಮಾಡಿಸಿಕೊಳ್ಳಿ ಅಮ್ಮ, ಸರಿ ಹೋಗುತ್ತೆ" ಅಂತ ಒಂದು ಮಾತು ಹೇಳಿದ್ದರೆ ನಾನು ಆ ಹತ್ತು ದಿನ ನಿದ್ದೆಗೆಡುತ್ತಿರಲಿಲ್ಲ. ನಮ್ಮೂರಿನ ಡಾಕ್ಟರು ಹಾಗೆ ಹೇಳುತ್ತಾರೆ. ಹೇಳಿ ಅದರ ಹೊಣೆಯನ್ನೂ ಹೊರುತ್ತಾರೆ. ಅದನ್ನು ದರ್ಪ ಅಂತ ಕರೆಯುವವರು ಇದ್ದಾರೆ, ನನಗೆ ಹಾಗೆ ಅನಿಸುವುದಿಲ್ಲ.

ಕೊನೆಗೆ ಒಂದು ಹಳೇ ಡೈರಿ ತೆಗೆದು ಬರೆದೆ. ವಾರದಲ್ಲಿ ಎಷ್ಟು ರಾತ್ರಿ ಎಚ್ಚರವಾಯಿತು? ಏಳಕ್ಕೆ ಏಳೂ. ಒಟ್ಟು ಎಷ್ಟು ಸಲ? ಹನ್ನೊಂದು. ಕುಪ್ಪಸದ ಹುಕ್ ಹಾಕಲು ಆಗುತ್ತಾ? ಕಣ್ಣಿಂದ ನೋಡಿಕೊಂಡು ಹಾಕಿದರೆ ಮಾತ್ರ. ನಡುಬೆರಳ ತುದಿ ಹಗಲೆಲ್ಲಾ ಮರಗಟ್ಟಿರುತ್ತಾ? ಹೌದು. ಆಮೇಲೆ ಎರಡು ಕೈಯನ್ನೂ ದೀಪದ ಕೆಳಗೆ ಪಕ್ಕಪಕ್ಕ ಇಟ್ಟು ನೋಡಿದೆ. ಬಲಗೈ ಹೆಬ್ಬೆರಳ ಬುಡದ ಉಬ್ಬು ಎಡಗೈಯಷ್ಟು ತುಂಬಿರಲಿಲ್ಲ, ಸ್ವಲ್ಪ ಇಳಿದಿತ್ತು. ಆ ಸ್ನಾಯು ಒಮ್ಮೆ ಪೂರ್ತಿ ಸವೆದರೆ ಆಪರೇಷನ್ ಮಾಡಿದರೂ ವಾಪಸ್ ಬರದೇ ಇರಬಹುದು ಅಂತ ಕರಪತ್ರದಲ್ಲಿತ್ತು. ಬೆಳಗ್ಗೆ ಎದ್ದು ಫೋನ್ ಮಾಡಿದೆ.

ಆಪರೇಷನ್ ದಿನದ ಬಗ್ಗೆ ಹೇಳುವುದು ಕಡಿಮೆ. ಎಚ್ಚರವಾಗಿಯೇ ಇರುತ್ತೀರಿ, ಅಂಗೈಗೆ ಮಾತ್ರ ಮರವು ಬರುವ ಇಂಜೆಕ್ಷನ್. ಅದು ಚುಚ್ಚುವಾಗ ಉರಿಯುತ್ತೆ, ನಿಜವಾದ ನೋವು ಅಂದರೆ ಅದೊಂದೇ. ರಕ್ತ ನಿಲ್ಲಿಸಲು ತೋಳಿಗೆ ಬಿಪಿ ನೋಡುವ ಪಟ್ಟಿಯಂಥದ್ದು ಬಿಗಿಯುತ್ತಾರೆ, ಅದರ ಬಿಗಿತ ಕೊನೆ ಕೊನೆಗೆ ಸಹಿಸುವುದು ಕಷ್ಟ. ಸುರಂಗದ ಮೇಲಿನ ಪಟ್ಟಿಯನ್ನು ಸೀಳಿ ನರಕ್ಕೆ ಜಾಗ ಮಾಡಿಕೊಡುವುದು, ಅಷ್ಟೇ ಕೆಲಸ. 20 ನಿಮಿಷವೂ ಆಗಲಿಲ್ಲ. ನರ್ಸ್ ಒಬ್ಬಾಕೆ ಎಡಗೈ ಹಿಡಿದುಕೊಂಡು ನಿಂತಿದ್ದಳು. ಮಧ್ಯಾಹ್ನಕ್ಕೆ ಮನೆ.

ಆ ರಾತ್ರಿ ಗಾಯ ನೋಯುತ್ತಿತ್ತು, ಆದರೆ ಬೆರಳು ಜೋಮು ಹಿಡಿಯಲಿಲ್ಲ. ಬೆಳಗ್ಗೆ ಆರಕ್ಕೆ ಎಚ್ಚರವಾದಾಗ ನಂಬಲಿಕ್ಕೇ ಆಗಲಿಲ್ಲ.

ಕಷ್ಟ ಬಂದಿದ್ದು ಆಮೇಲೆ. ಕರಪತ್ರದಲ್ಲಿ ಕಾರು ಓಡಿಸುವುದು, ಟೈಪ್ ಮಾಡುವುದು, ಭಾರ ಎತ್ತುವುದು, ಎಲ್ಲ ಇತ್ತು. ಊಟದ ಬಗ್ಗೆ ಒಂದು ಸಾಲೂ ಇರಲಿಲ್ಲ. ಅವರು ಚಮಚದಲ್ಲಿ ತಿನ್ನುವವರು, ಅವರಿಗೆ ಹೊಳೆಯುವುದಾದರೂ ಹೇಗೆ? 12 ದಿನ, ಹೊಲಿಗೆ ಬಿಚ್ಚುವ ತನಕ, ಎಡಗೈಯಲ್ಲಿ ಚಮಚ ಹಿಡಿದು ಅನ್ನ ಸಾರು ತಿಂದೆ. ತಟ್ಟೆಯ ಮುಂದೆ ಕೂತಾಗ ಪ್ರತಿ ಸಲ ಎಡಗೈ ತಾನಾಗಿಯೇ ಹಿಂದೆ ಸರಿಯುತ್ತಿತ್ತು. ಸಲ್ವಾರಿನ ಲಾಡಿ ಕಟ್ಟಲು ಆಗದು, ಜಡೆ ಹಾಕಲು ಆಗದು. ಯಜಮಾನರದು ರಾತ್ರಿ ಪಾಳಿ. ಅತ್ತಿಗೆಗೆ ಮಗಳು ತಲೆ ಬಾಚುತ್ತಿದ್ದಳು, ಪಕ್ಕದ ಮನೆಯವರು ಹುಳಿ ಕಳಿಸುತ್ತಿದ್ದರು, ಅಣ್ಣ ಮೊದಲ ಸಲ ಒಲೆ ಮುಂದೆ ನಿಂತು ಮುದ್ದೆ ತಿರುವಿದ್ದ. ನಾನು ಕೂದಲು ಬಿಟ್ಟುಕೊಂಡೇ ಹನ್ನೆರಡು ದಿನ ಇದ್ದೆ. ನೀವೂ ಹೊರಗಡೆ ಇದ್ದು ಮಾಡಿಸಿಕೊಳ್ಳುವವರಾದರೆ ಡಾಕ್ಟರು ಹೇಳದ ಈ ವಿಷಯಕ್ಕೆ ಮೊದಲೇ ತಯಾರಿ ಮಾಡಿಕೊಳ್ಳಿ. ಸಾರು, ಪಲ್ಯ ಮಾಡಿ ಫ್ರೀಜರಿನಲ್ಲಿಡಿ. ಲಾಡಿಯ ಬದಲು ಎಲಾಸ್ಟಿಕ್ ಹಾಕಿಸಿಕೊಳ್ಳಿ. ಮೊದಲ ದಿನದಿಂದಲೇ ಬೆರಳು ಮಡಿಸಿ ಬಿಚ್ಚುತ್ತಾ ಇರಿ, ಕೈ ಎದೆಗಿಂತ ಮೇಲೆ ಇಟ್ಟುಕೊಳ್ಳಿ.

ಹೊಲಿಗೆ ಬಿಚ್ಚಿದ ಮೇಲೆ ಎಲ್ಲ ಮುಗಿಯಿತು ಅಂದುಕೊಂಡರೆ ಇಲ್ಲ. ಅಂಗೈ ಬುಡದಲ್ಲಿ, ಗಾಯದ ಎರಡೂ ಪಕ್ಕ, ಒತ್ತಿದರೆ ಒಂದು ಆಳದ ನೋವು. ಕುರ್ಚಿಯಿಂದ ಕೈ ಊರಿ ಏಳುವಾಗ, ಲಟ್ಟಣಿಗೆ ಹಿಡಿದಾಗ. ಹಿಡಿತವೇ ಇಲ್ಲ, ಉಪ್ಪಿನಕಾಯಿ ಬಾಟಲಿ ಮುಚ್ಚಳ ತೆಗೆಯಲಾಗದು. ಆದರೆ ನಾನು ಹೆದರಲಿಲ್ಲ. ಇದು ಬರುತ್ತೆ, ಮೂರು ತಿಂಗಳವರೆಗೂ ಇರಬಹುದು, ಹಿಡಿತ ನಿಧಾನಕ್ಕೆ ಬರುತ್ತೆ, ಬೆರಳ ತುದಿಯ ಮರವು ಹೋಗಲು ಇನ್ನೂ ಹೆಚ್ಚು ತಿಂಗಳು ಬೇಕಾಗಬಹುದು ಅಂತ ಆ ನಾಲ್ಕು ಪುಟದಲ್ಲಿ ಬರೆದಿತ್ತು. ನನಗೆ ಹಾಗೆಯೇ ಆಯಿತು. ಐದು ವಾರಕ್ಕೆ ಕೆಲಸಕ್ಕೆ ಹೋದೆ, ನಡುಬೆರಳಿಗೆ ಸ್ಪರ್ಶ ಬರಲು ನಾಲ್ಕು ತಿಂಗಳು ಹಿಡಿಯಿತು.

ಇದನ್ನು ಅತ್ತಿಗೆಗೆ ಫೋನಿನಲ್ಲಿ ಹೇಳುತ್ತಿದ್ದೆ. ಆ ಕಡೆ ಸದ್ದಿಲ್ಲ. ಆಮೇಲೆ, "ನನಗೆ ಯಾರೂ ಹೇಳಲೇ ಇಲ್ಲ ಕಣೇ" ಅಂದರು. ಅವರಿಗೂ ಅದೇ ನೋವು ಬಂದಿತ್ತು. ಆಪರೇಷನ್ ಕೆಟ್ಟಿದೆ, ಕೈ ಹೋಯಿತು ಅಂದುಕೊಂಡು ಮೂರು ತಿಂಗಳು ಬಚ್ಚಲಲ್ಲಿ ಅತ್ತಿದ್ದರಂತೆ. "ನಿಮ್ಮಣ್ಣ ಅಷ್ಟು ದುಡ್ಡು ಸುರಿದಿದ್ರು, ಸರಿ ಹೋಗಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?" ವಿಡಿಯೋ ಕಾಲಿನಲ್ಲಿ ನಾನು ನೋಡಿದ್ದ ಆ ಚಿಂತೆಯಿಲ್ಲದ ಮುಖದ ಹಿಂದೆ ಏನಿತ್ತು ಅಂತ ಅವತ್ತು ಗೊತ್ತಾಯಿತು. ಅವರಿಗೆ ರಾತ್ರಿ ಪಟ್ಟಿ ಕಟ್ಟಿ ನೋಡಿರಲಿಲ್ಲ. ಥೈರಾಯ್ಡ್ ಇದೆ ಅಂತ ತಿಳಿದಿದ್ದೂ ಒಂದು ವರ್ಷದ ಮೇಲೆ, ಬೇರೆ ಯಾವುದಕ್ಕೋ ರಕ್ತ ಕೊಟ್ಟಾಗ. ನನಗೆ ಇಲ್ಲಿ ಒಂದು ಪೌಂಡೂ ಖರ್ಚಾಗಿರಲಿಲ್ಲ, ಅದನ್ನೂ ಒಪ್ಪಿಕೊಳ್ಳಬೇಕು.

ಅಮ್ಮ ನೆನಪಾದಳು. ನಡುರಾತ್ರಿ ಎದ್ದು ಹಿತ್ತಲ ಬಾಗಿಲಲ್ಲಿ ನಿಂತು ಕೈ ಒದರುತ್ತಿದ್ದಳು. ಏನಮ್ಮಾ ಅಂದರೆ "ವಾಯು ಕಣೇ, ಮಲಕ್ಕೋ ಹೋಗು" ಅನ್ನುವಳು. ಬಿಸಿನೀರಲ್ಲಿ ಕೈ ಅದ್ದಿಕೊಂಡು, ಬೆಳಗ್ಗೆ ಅದೇ ಕೈಯಲ್ಲಿ ತುರಿಮಣೆ ಮುಂದೆ ಕೂರುತ್ತಿದ್ದಳು. ಕಡೆಗಾಲದಲ್ಲಿ ಅವಳ ಹೆಬ್ಬೆರಳ ಬುಡ ಚಪ್ಪಟೆಯಾಗಿತ್ತು, ಕುಂಕುಮ ಚಿಟಿಕೆಗೆ ಸಿಗುತ್ತಿರಲಿಲ್ಲ. ವಯಸ್ಸಾಯಿತಲ್ಲ ಅಂದುಕೊಂಡಿದ್ದೆವು. ಏನು ಮಾಡೋಣ ಅಂತೀಯ ಅಂತ ಅವಳನ್ನು ಯಾರೂ ಕೇಳಿರಲಿಲ್ಲ, ನಾನೂ.

ಹೋದ ತಿಂಗಳು ಅತ್ತಿಗೆಯೇ ಫೋನ್ ಮಾಡಿದರು. ಈಗ ಎಡಗೈಗೂ ಶುರುವಾಗಿದೆಯಂತೆ. "ಮಾಡಿಸ್ಕೊಳ್ಳಲೋ ಬೇಡ್ವೋ, ನೀನೇ ಹೇಳು" ಅಂದರು. ರಾತ್ರಿ ಎಚ್ಚರ ಆಗುತ್ತಾ ಅತ್ತಿಗೆ, ವಾರಕ್ಕೆ ಎಷ್ಟು ಸಲ, ಸೂಜಿಗೆ ದಾರ ಪೋಣಿಸಲು ಆಗುತ್ತಾ, ಥೈರಾಯ್ಡ್ ಮಾತ್ರೆ ಸರಿಯಾಗಿ ತಗೋತಿದೀರಾ, ಅಂತ ಒಂದೊಂದೇ ಕೇಳುತ್ತಾ ಹೋದೆ. ಅವರಿಗೆ ಬೇಜಾರಾಯಿತು. "ಅದೆಲ್ಲ ಬಿಡು, ಒಂದು ಮಾತು ಹೇಳು ನೀನು."

ಆ ಒಂದು ಮಾತಿಗೆ ನಾನು ಎಷ್ಟು ಹಂಬಲಿಸಿದ್ದೆ ಅಂತ ನನಗೆ ಗೊತ್ತಿತ್ತು. ಹಾಗಾಗಿ ಹೇಳಿದೆ. ಈಗಲೇ ಬೇಡ ಅತ್ತಿಗೆ. ಆರು ವಾರ ರಾತ್ರಿ ಪಟ್ಟಿ ಕಟ್ಟಿಕೊಳ್ಳಿ, ಥೈರಾಯ್ಡ್ ಇನ್ನೊಂದು ಸಲ ಟೆಸ್ಟ್ ಮಾಡಿಸಿ, ಎಷ್ಟು ರಾತ್ರಿ ಎಚ್ಚರವಾಯಿತು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆಮೇಲೂ ಹೀಗೇ ಇದ್ದರೆ ಡಾಕ್ಟರ ಹತ್ತಿರ ಹೋಗಿ, ನಾನು ರಜೆ ಹಾಕಿ ಬರುತ್ತೇನೆ, ತಲೆ ಬಾಚುವುದು ನನ್ನ ಕೆಲಸ.

"ಸರಿ" ಅಂದರು. "ಆ ಪಟ್ಟಿ ಮೆಡಿಕಲ್ ಶಾಪಲ್ಲಿ ಸಿಗುತ್ತಾ?"