ಲೈಸೆನ್ಸ್ ಬಂತು, ಕಾರೂ ಬಂತು. ಪಾಲಿಸಿಯಲ್ಲಿ ನಿಮ್ಮ ಹುಡುಗ ಇದ್ದಾನಾ?

ನಮ್ಮ ಕೊಪ್ಪಳ, ಗಂಗಾವತಿ ಕಡೆ ಮಗನಿಗೋ ಮಗಳಿಗೋ ಡಿಎಲ್ ಬಂತು ಅಂದರೆ ಸ್ವಲ್ಪ ದಿನದಲ್ಲೇ ಮನೆಯಲ್ಲಿ ಕಾರಿನ ಮಾತು ಶುರುವಾಗುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋಗುವಾಗ ಗೊತ್ತಿರುವ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗುತ್ತಾರೆ. ಬಾನೆಟ್ ಎತ್ತಿಸುತ್ತಾರೆ, ಟೈರಿಗೆ ಉಗುರು ಹಾಕಿ ನೋಡುತ್ತಾರೆ, ಮೈಲೇಜ್ ಕೇಳುತ್ತಾರೆ. ಇನ್ಶೂರೆನ್ಸ್ ಬಗ್ಗೆ ಮಾತ್ರ ಒಂದೇ ಪ್ರಶ್ನೆ. "ಐತೇನ್ರಿ?" "ಐತ್ರಿ." ಅಲ್ಲಿಗೆ ಮುಗೀತು.

ನನ್ನ ತಕರಾರು ಇರುವುದು ಇಲ್ಲೇ. ಹೊಸದಾಗಿ ಓಡಿಸಲು ಕಲಿತ ಮಕ್ಕಳ ಕೈಗೆ ಬರುವ ಎಷ್ಟೋ ಕಾರುಗಳ ಪಾಲಿಸಿ ರಸ್ತೆಯಲ್ಲಿರುವ ಬೇರೆಯವರಿಗೆ ಮಾತ್ರ. ಕಾರಿನೊಳಗೆ ಕೂತವರಿಗಲ್ಲ. ಸ್ಟೀರಿಂಗ್ ಹಿಡಿದವನಿಗಂತೂ ಅಲ್ಲವೇ ಅಲ್ಲ. ಇದು ಮನೆಯವರಿಗೆ ಗೊತ್ತಾಗುವುದು ಆಸ್ಪತ್ರೆಯಲ್ಲಿ ಬಿಲ್ ಕೈಗೆ ಬಂದಾಗ.

ನಮ್ಮಕ್ಕನ ಮಗನಿಗೆ ಆಗಿದ್ದು ಹೀಗೆಯೇ. ಡಿಎಲ್ ಬಂದು ವರ್ಷ ತುಂಬಿರಲಿಲ್ಲ. ಹಳೆಯ ಆಲ್ಟೊ ಕಾರು. ಗೆಳೆಯರ ಜೊತೆ ಸಿಂಧನೂರಿಗೆ ಮದುವೆಗೆ ಹೋಗಿ ರಾತ್ರಿ ವಾಪಸ್ ಬರುತ್ತಿದ್ದ. ಕಾರಟಗಿ ದಾಟಿದ ಮೇಲೆ ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿ, ಸುತ್ತ ಕಲ್ಲು ಇಟ್ಟಿದ್ದರು. ಸುಗ್ಗಿಯಲ್ಲಿ ಈ ಕಡೆ ಓಡಾಡಿದವರಿಗೆಲ್ಲ ಇದು ಗೊತ್ತು. ಹಗಲಲ್ಲಾದರೆ ದೂರದಿಂದಲೇ ಕಾಣುತ್ತದೆ. ರಾತ್ರಿ ಎದುರಿನ ಲಾರಿಯ ಲೈಟು ಕಣ್ಣಿಗೆ ಹೊಡೆದರೆ ಕಲ್ಲೂ ಕಾಣಲ್ಲ, ಭತ್ತವೂ ಕಾಣಲ್ಲ. ಅನುಭವ ಇದ್ದವರು ಆ ಜಾಗ ಬರುವ ಮೊದಲೇ ವೇಗ ಇಳಿಸಿರುತ್ತಾರೆ. ಇವನು ಕೊನೇ ಗಳಿಗೆಯಲ್ಲಿ ಸ್ಟೀರಿಂಗ್ ಎಳೆದ. ಕಾರು ರಸ್ತೆ ಬಿಟ್ಟು ಇಳಿದು ಜಾಲಿ ಮರಕ್ಕೆ ಗುದ್ದಿತು. ಇವನ ಮುಂಗೈ ಮುರಿಯಿತು. ಹಿಂದೆ ಕೂತಿದ್ದ ಗೆಳೆಯನ ತೊಡೆಮೂಳೆ ಮುರಿದು ರಾಡ್ ಹಾಕಬೇಕಾಯಿತು.

ಮರುದಿನ ಪಾಲಿಸಿ ಕಾಗದ ತೆಗೆದು ಓದಿದೆವು. ಮೇಲೆಯೇ ದಪ್ಪ ಅಕ್ಷರದಲ್ಲಿ 'ಲಯಬಿಲಿಟಿ ಓನ್ಲಿ ಪಾಲಿಸಿ' ಎಂದಿತ್ತು. ಪ್ರೀಮಿಯಂ ಪಟ್ಟಿಯಲ್ಲಿ ಎರಡು ಭಾಗ. ಎಡಗಡೆ 'ಓನ್ ಡ್ಯಾಮೇಜ್', ಅಂದರೆ ನಮ್ಮದೇ ಕಾರಿಗಾಗುವ ಹಾನಿಯ ವಿಮೆ, ಅದರ ಕೆಳಗೆ ಉದ್ದಕ್ಕೂ ಸೊನ್ನೆ. ಬಲಗಡೆ ಥರ್ಡ್ ಪಾರ್ಟಿ, ಅಂದರೆ ಬೇರೆಯವರಿಗಾಗುವ ಹಾನಿಯ ವಿಮೆ, 2,094 ರೂಪಾಯಿ, ಜೊತೆಗೆ ಶೇ 18 ಜಿಎಸ್‌ಟಿ. ಮಾಲೀಕ-ಚಾಲಕನ ಅಪಘಾತ ವಿಮೆ ಎಂಬ ಸಾಲಿನ ಮುಂದೆಯೂ ಸೊನ್ನೆ. ಹಳೆಯ ಮಾಲೀಕರಿಗೆ ಆ ವಿಮೆ ಬೇರೆ ಕಾರಿನ ಜೊತೆ ಇತ್ತಂತೆ, ಹಾಗಾಗಿ ಇದಕ್ಕೆ ಹಾಕಿಸಿರಲಿಲ್ಲ. ಆರ್‌ಸಿ ಇವನ ಹೆಸರಿಗೆ ಆಗಿತ್ತು. ಪಾಲಿಸಿ ಇನ್ನೂ ಅವರ ಹೆಸರಲ್ಲೇ ಇತ್ತು.

ಏಜೆಂಟರಿಗೆ ಫೋನ್ ಮಾಡಿದರೆ, "ಹಳೇ ಗಾಡಿಗೆ ಎಲ್ರೂ ಇದನ್ನೇ ಮಾಡಿಸ್ತಾರ್ರಿ, ಪೊಲೀಸ್ ಚೆಕಿಂಗ್‌ಗೆ ಇಷ್ಟಾದ್ರ ಸಾಕು" ಎಂದರು. ಅವರು ಹೇಳಿದ್ದು ನಿಜ. ಅದೇ ನನಗೆ ಹೆಚ್ಚು ನೋವು ಕೊಟ್ಟಿದ್ದು. ಚೆಕಿಂಗ್‌ಗೆ ಸಾಕಾಗುವುದು ಬೇರೆ, ಜೀವಕ್ಕೆ ಸಾಕಾಗುವುದು ಬೇರೆ ಅಲ್ವಾ? 20 ವರ್ಷದ ಹುಡುಗನಿಗೆ ಇದನ್ನು ಬಿಡಿಸಿ ಹೇಳುವವರು ಯಾರು?

ಕಾನೂನು ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿಯನ್ನು ಮಾತ್ರ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಅದು. ನಿಮ್ಮ ಕಾರು ದಾರಿಹೋಕರಿಗೆ, ಎದುರಿನ ಬೈಕಿನವರಿಗೆ ಹೊಡೆದರೆ ಅವರಿಗೆ ಪರಿಹಾರ ಸಿಗಬೇಕು ಎನ್ನುವುದು ಅದರ ಉದ್ದೇಶ. ಒಳ್ಳೆಯ ಉದ್ದೇಶ. ಅದು ಇಲ್ಲದಿದ್ದರೆ ಎಷ್ಟೋ ಬಡವರಿಗೆ ಏನೂ ಸಿಗುತ್ತಿರಲಿಲ್ಲ. ಆದರೆ ಬರೀ ಥರ್ಡ್ ಪಾರ್ಟಿ ಇರುವ ಖಾಸಗಿ ಕಾರಿನಲ್ಲಿ ಸುಮ್ನೆ ಜೊತೆಗೆ ಕೂತು ಬಂದ ಗೆಳೆಯರು ಆ ಲೆಕ್ಕಕ್ಕೆ ಬರುವುದಿಲ್ಲ. ಬೇರೆ ಗಾಡಿಯ ತಪ್ಪಿದ್ದರೆ ಆ ಗಾಡಿಯ ವಿಮೆಯಿಂದ ಕೇಳಬಹುದು. ಇಲ್ಲಿ ಗುದ್ದಿದ್ದು ಮರಕ್ಕೆ. ಕಾಲು ಮುರಿದ ಹುಡುಗ ಪರಿಹಾರ ಕೇಳಬೇಕಾದರೆ ತನ್ನ ಗೆಳೆಯನ ಮೇಲೆಯೇ ಕೇಸು ಹಾಕಬೇಕು. ಅವನ ಮನೆಯವರು ಹಾಕಲಿಲ್ಲ. ಎರಡೂ ಮನೆಯವರು ಸಾಲ ಮಾಡಿ ಆಸ್ಪತ್ರೆ ಬಿಲ್ ಕಟ್ಟಿದರು.

ಪ್ಯಾಕೇಜ್ ಪಾಲಿಸಿ, ಅಂದರೆ ನಾವು 'ಫುಲ್ ಇನ್ಶೂರೆನ್ಸ್' ಅನ್ನುವುದು, ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು. ಅಂಥ ಪಾಲಿಸಿಯಲ್ಲಿ ಖಾಸಗಿ ಕಾರಿನೊಳಗೆ ಕೂತವರ ಹೊಣೆಯೂ ವಿಮಾ ಕಂಪನಿಯದೇ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎ 2009ರಲ್ಲೇ ಸುತ್ತೋಲೆ ಹೊರಡಿಸಿದೆ. ಶನಿವಾರ ಬಂತೆಂದರೆ ಅಂಜನಾದ್ರಿಗೆ ಕಾರು ತುಂಬ ಗೆಳೆಯರನ್ನು ಕೂರಿಸಿಕೊಂಡು ಹೊರಡುವ ಹುಡುಗರಲ್ಲಿ ಎಷ್ಟು ಜನಕ್ಕೆ ಈ ವ್ಯತ್ಯಾಸ ಗೊತ್ತು?

"ನಮ್ಮದು ಅಪ್ಪನ ಹೆಸರಿನ ಹೊಸ ಕಾರು, ಬಂಪರ್ ಟು ಬಂಪರ್ ಇನ್ಶೂರೆನ್ಸ್ ಐತಿ, ನಮಗೇನೂ ಚಿಂತಿಲ್ಲ" ಅನ್ನುವವರು ಇನ್ನೊಂದು ವಿಷಯ ನೋಡಬೇಕು. ಹೊಸ ಕಾರಿನ ಪಾಲಿಸಿಯಲ್ಲಿ ಸಾಮಾನ್ಯವಾಗಿ 15 ಲಕ್ಷ ರೂಪಾಯಿಯ ಅಪಘಾತ ವಿಮೆ ಇರುತ್ತದೆ. ಅದು 'ಓನರ್-ಡ್ರೈವರ್'ಗೆ ಮಾತ್ರ. ಆರ್‌ಸಿಯಲ್ಲಿ ಹೆಸರೂ ಇರಬೇಕು, ಡಿಎಲ್ಲೂ ಇರಬೇಕು. ಮಗ ಓಡಿಸುವಾಗ ಅಪಘಾತವಾದರೆ ಆ 15 ಲಕ್ಷ ಮಗನಿಗಿಲ್ಲ. ನಮ್ಮ ಕಡೆ ಎಷ್ಟೋ ರೈತರು ಭತ್ತದ ದುಡ್ಡಲ್ಲಿ ತಮ್ಮ ಹೆಸರಿಗೆ ಕಾರು ತೆಗೆದುಕೊಳ್ಳುತ್ತಾರೆ. ಅವರಿಗೆ ಡಿಎಲ್ ಇರುವುದಿಲ್ಲ, ಓಡಿಸುವುದು ಮಗನೇ. ಅಂಥ ಮನೆಯಲ್ಲಿ ಆ ವಿಮೆ ಯಾರಿಗೂ ಇಲ್ಲ.

ಇದನ್ನು ನಾನು ಹೆದರಿಸಲು ಹೇಳುತ್ತಿಲ್ಲ. ನಮ್ಮದೇ ಇಳಕಲ್-ಕುಷ್ಟಗಿ ಹೆದ್ದಾರಿಯಲ್ಲಿ 2000ದ ಜೂನ್‌ನಲ್ಲಿ ಒಂದು ಅಪಘಾತವಾಯಿತು. ಬೇರೆಯವರಿಂದ ಕೇಳಿ ತಂದ ಬೈಕಿನಲ್ಲಿ ಊರಿಗೆ ಹೊರಟಿದ್ದವರು, ಮುಂದೆ ಕಬ್ಬಿಣದ ಶೀಟು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಬಂಡಿಗೆ ಗುದ್ದಿ ತೀರಿಕೊಂಡರು. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2009ರಲ್ಲಿ ಕೋರ್ಟು ಹೇಳಿದ್ದು ಇಷ್ಟು: ಗಾಡಿ ಕೇಳಿ ತಂದವರು ಮಾಲೀಕರ ಜಾಗದಲ್ಲೇ ನಿಲ್ಲುತ್ತಾರೆ, ಆದ್ದರಿಂದ ಮಾಲೀಕರ ವಿಮಾ ಕಂಪನಿಯಿಂದ, ಯಾರ ತಪ್ಪೆಂದು ತೋರಿಸದೆಯೇ ಪರಿಹಾರ ಕೇಳಲು ಇದ್ದ 163ಎ ಕಲಂನಡಿ ಅವರ ಮನೆಯವರು ಪರಿಹಾರ ಕೇಳುವಂತಿಲ್ಲ. ಬೇರೆ ಕಲಂನಡಿ ಪರಿಶೀಲಿಸಲು ಕೇಸನ್ನು ಹೈಕೋರ್ಟಿಗೆ ವಾಪಸ್ ಕಳಿಸಿತು. ಅಪಘಾತವಾಗಿ ಅಷ್ಟೊತ್ತಿಗೆ ಒಂಬತ್ತು ವರ್ಷ ಆಗಿತ್ತು. ಆ ಮನೆಯವರು ಅಷ್ಟೂ ವರ್ಷ ಹೇಗೆ ಕಳೆದಿರಬಹುದು ಎಂದು ಯೋಚಿಸಿದರೆ ಈಗಲೂ ಸಂಕಟವಾಗುತ್ತದೆ. ಅಪ್ಪನ ಬೈಕ್ ಓಡಿಸುವಾಗ ನಾಯಿ ಅಡ್ಡ ಬಂದು ಸತ್ತ ಮಗನೊಬ್ಬನ ಪ್ರಕರಣದಲ್ಲೂ ಸುಪ್ರೀಂ ಕೋರ್ಟು ವಿಮಾ ಕಂಪನಿ ಹೊಣೆಯಲ್ಲ ಎಂದೇ ಹೇಳಿದೆ.

ಬ್ರಿಟನ್ನಿನಂಥ ದೇಶಗಳಲ್ಲಿ ಹೊಸ ಚಾಲಕರ ಕಷ್ಟ ಬೇರೆ ಥರ. ಅಲ್ಲಿ ಪಾಲಿಸಿ ಕೊಡುವಾಗಲೇ ಯಾರು ಓಡಿಸುತ್ತಾರೆ, ವಯಸ್ಸೆಷ್ಟು, ಎಷ್ಟು ವರ್ಷದ ಅನುಭವ ಎಂದು ಕೇಳಿ ಹುಡುಗರಿಗೆ ಪ್ರೀಮಿಯಂ ಬಹಳ ಜಾಸ್ತಿ ಹಾಕುತ್ತಾರೆ. ಕೆಲವರು ಕಾರಿನಲ್ಲಿ ಪೆಟ್ಟಿಗೆ ಕೂರಿಸಿ, ಹೇಗೆ ಓಡಿಸುತ್ತಾರೆ ಎಂದು ನೋಡಿ ದರ ಇಳಿಸುತ್ತಾರೆ. ನಮ್ಮಲ್ಲಿ ಥರ್ಡ್ ಪಾರ್ಟಿ ದರವನ್ನು ಸರ್ಕಾರವೇ ಇಂಜಿನ್ ಸಿಸಿ ನೋಡಿ ನಿಗದಿ ಮಾಡುತ್ತದೆ. 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ 1,000 ಸಿಸಿ ಒಳಗಿನ ಕಾರಿಗೆ 2,094, ಅದರ ಮೇಲೆ 1,500ರವರೆಗೆ 3,416 ರೂಪಾಯಿ. ಓಡಿಸುವವನಿಗೆ 18 ಆದರೂ ಅಷ್ಟೇ, 58 ಆದರೂ ಅಷ್ಟೇ.

ಇದು ಒಳ್ಳೆಯದೇ. ವಯಸ್ಸು ಚಿಕ್ಕದು ಎಂಬ ಒಂದೇ ಕಾರಣಕ್ಕೆ ನಮ್ಮ ಮಕ್ಕಳಿಗೆ ದುಬಾರಿ ಮಾಡುವುದು ನನಗೂ ಬೇಡ. ಆದರೆ ಪಾಲಿಸಿ ಮಾಡಿಸುವಾಗ ಯಾರು ಓಡಿಸುತ್ತಾರೆ ಎಂದು ಕೇಳದೇ ಇರುವುದರಿಂದ, ಓಡಿಸುವವರಿಗೆ ಏನಿದೆ ಏನಿಲ್ಲ ಎಂದು ಹೇಳುವ ಸಂದರ್ಭವೇ ಬರುವುದಿಲ್ಲ. ಅಲ್ಲಿಯ ಹುಡುಗರು ಮೊದಲೇ ಕಟ್ಟುತ್ತಾರೆ. ನಮ್ಮವರು ಅಪಘಾತವಾದ ಮೇಲೆ ಕಟ್ಟುತ್ತಾರೆ, ಅದೂ ಸಾಲ ತಂದು.

ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡವರು 14 ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಬೇಕು. ಥರ್ಡ್ ಪಾರ್ಟಿ ಭಾಗ ಕಾರಿನ ಜೊತೆಗೇ ಬರುತ್ತದೆ. ಓನ್ ಡ್ಯಾಮೇಜ್ ಹಾಗೆ ತಾನಾಗಿ ಬರುವುದಿಲ್ಲ. ಹಳೆಯ ಮಾಲೀಕರ ಎನ್‌ಸಿಬಿಯೂ (ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ. ಅದು ಅವರದು. ಹೊಸಬರು ಸೊನ್ನೆಯಿಂದಲೇ ಶುರು ಮಾಡಬೇಕು. ಕ್ಲೇಮ್ ಇಲ್ಲದೆ ಒಂದು ವರ್ಷ ಕಳೆದರೆ ಶೇ 20, ಹಾಗೇ ಏರುತ್ತಾ ಶೇ 50ರವರೆಗೆ ಹೋಗುತ್ತದೆ. ಮಾರಿದವರೂ ಆರ್‌ಸಿ ಬದಲಾಯಿತಾ ಎಂದು ಬೆನ್ನು ಹತ್ತಿ ನೋಡಿ. ಆರ್‌ಸಿಯಲ್ಲಿ ಹೆಸರು ಯಾರದ್ದೋ ಅವರೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಬಿಳಿ ಬೋರ್ಡ್ ಕಾರನ್ನು ಹಂಪಿಗೆ, ಮದುವೆಗೆ ಬಾಡಿಗೆ ಹೊಡೆಯುವ ಹುಡುಗರಿಗೂ ಒಂದು ಮಾತು. ಖಾಸಗಿ ಪಾಲಿಸಿಯಲ್ಲಿ ಬಾಡಿಗೆಗೆ ಬಳಸುವಂತಿಲ್ಲ ಎಂದು ಬರೆದೇ ಇರುತ್ತದೆ. ಕ್ಲೇಮ್ ಬಂದಾಗ ಕಂಪನಿ ಮೊದಲು ಕೈ ಇಡುವುದೇ ಅಲ್ಲಿ. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಇದ್ದವರು ಪಕ್ಕದಲ್ಲಿ ಡಿಎಲ್ ಇರುವವರನ್ನು ಕೂರಿಸಿಕೊಳ್ಳದೆ, ಎಲ್ ಬೋರ್ಡ್ ಹಾಕದೆ ಹೊರಟರೂ ಅದೇ ತೊಂದರೆ.

ಹಾಗಾದರೆ ಏನು ಮಾಡುವುದು? ಹಳೆಯ ಕಾರಾದರೂ ಹೊಸಬರು ಓಡಿಸುವುದಾದರೆ ಪ್ಯಾಕೇಜ್ ಪಾಲಿಸಿಯನ್ನೇ ಕೇಳಿ. ಕಾರಿನ ಬೆಲೆ ಕಮ್ಮಿ ಇದ್ದರೆ ಅದರ ಓನ್ ಡ್ಯಾಮೇಜ್ ಪ್ರೀಮಿಯಂ ಕೂಡ ಕಮ್ಮಿಯೇ ಇರುತ್ತದೆ. ಓಡಿಸುವವರ ಹೆಸರಲ್ಲೇ ಬೇರೆಯಾಗಿ ಒಂದು ಅಪಘಾತ ವಿಮೆ ಮಾಡಿಸಿ. ಅದೂ ಆಗದಿದ್ದರೆ ಬ್ಯಾಂಕಿಗೆ ಹೋಗಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸಹಿ ಹಾಕಿಸಿ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ. 18 ತುಂಬಿ ಬ್ಯಾಂಕ್ ಖಾತೆ ಇದ್ದರೆ ಸಾಕು. ಗೆಳೆಯನ ಕಾಲಿನ ಖರ್ಚಿಗೆ ಅದು ಆಗುತ್ತಿರಲಿಲ್ಲ, ಒಪ್ಪುತ್ತೇನೆ. ಆದರೂ 20 ರೂಪಾಯಿಗೆ ಸಿಗುವುದನ್ನು ಯಾಕೆ ಬಿಡಬೇಕು?

ಡ್ರೈವಿಂಗ್ ಸ್ಕೂಲಿನವರಲ್ಲಿ ನನ್ನದೊಂದು ವಿನಂತಿ ಇದೆ. ರಿವರ್ಸ್ ಹಾಕುವುದು, ಎಂಟು ಹೊಡೆಯುವುದು ಎಲ್ಲ ಕಲಿಸುತ್ತೀರಿ. ಕೊನೆಯ ದಿನ ಅರ್ಧ ಗಂಟೆ ಒಂದು ಪಾಲಿಸಿ ಕಾಗದ ಮುಂದಿಟ್ಟು ಓದಿಸಿ. ಯಾರ ಹೆಸರಿದೆ, ಎಡಗಡೆ ಸೊನ್ನೆ ಇದೆಯಾ, ಓಡಿಸುವವರಿಗೆ ಏನಿದೆ, ಯಾವ ತಾರೀಕಿಗೆ ಮುಗಿಯುತ್ತದೆ. ಅಷ್ಟು ಸಾಕು. ಗಂಗಾವತಿಯಲ್ಲಿ ಒಬ್ಬರು ಇದಕ್ಕೆ ಒಪ್ಪಿದ್ದಾರೆ. ಬೇರೆ ತಾಲ್ಲೂಕಿನವರು ಯಾರಾದರೂ ಮುಂದೆ ಬಂದರೆ ಹುಡುಗರಿಗೆ ಪಾಲಿಸಿ ಓದಿ ತೋರಿಸಲು ನಾನೇ ಬರುತ್ತೇನೆ. ಕುಷ್ಟಗಿಯಾದರೂ ಸರಿ, ಯಲಬುರ್ಗಾ ಆದರೂ ಸರಿ, ಭಾನುವಾರ ಇಟ್ಟುಕೊಳ್ಳಿ.