ಸತ್ಯಾಂಶ: ದುಡ್ಡು, ಜನಬಲ ಇದ್ದರೆ ಹೈಕೋರ್ಟ್‌ನಲ್ಲಿ ಗೆಲುವು ಗ್ಯಾರಂಟಿಯೇ?

‘ದುಡ್ಡಿದ್ದು, ಜನ ಬೆನ್ನಿಗಿದ್ದರೆ ಹೈಕೋರ್ಟ್‌ನಲ್ಲಿ ಬಿಡುಗಡೆ ಖಚಿತ. ಜಯಲಲಿತಾ ಕೇಸೇ ಸಾಕ್ಷಿ’ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದರಲ್ಲಿರುವುದು ಅರ್ಧ ಕಥೆ.

ಆದಾಯಕ್ಕೆ ಮೀರಿ ಆಸ್ತಿ ಗಳಿಸಿದ ಆರೋಪದ ಕೇಸು ಅದು. ತಮಿಳುನಾಡಿನಲ್ಲಿ ಆಗ ಜಯಲಲಿತಾ ಅವರದೇ ಸರ್ಕಾರ. ನ್ಯಾಯವಾದ ವಿಚಾರಣೆ ಅಲ್ಲಿ ಕಷ್ಟ ಎಂದು ಸುಪ್ರೀಂ ಕೋರ್ಟ್ 2003ರಲ್ಲಿ ಕೇಸನ್ನು ಬೆಂಗಳೂರಿಗೆ ಕಳಿಸಿತು. 2014ರಲ್ಲಿ ವಿಶೇಷ ನ್ಯಾಯಾಲಯ 4 ವರ್ಷ ಜೈಲು, 100 ಕೋಟಿ ರೂಪಾಯಿ ದಂಡ ವಿಧಿಸಿತು. ಅದೂ ಅಧಿಕಾರದಲ್ಲಿದ್ದ ಮುಖ್ಯಮಂತ್ರಿಗೆ.

2015ರ ಮೇನಲ್ಲಿ ಕರ್ನಾಟಕ ಹೈಕೋರ್ಟ್ ಖುಲಾಸೆ ಮಾಡಿದ್ದು ನಿಜ. ಆದರೆ ತೀರ್ಪು ಕೊಟ್ಟ ಕಾರಣ ಲೆಕ್ಕದ್ದು: ಹೆಚ್ಚುವರಿ ಆಸ್ತಿ ಆದಾಯದ ಶೇ 8.12 ಮಾತ್ರ, ಶೇ 10ರೊಳಗಿದ್ದರೆ ವಿನಾಯಿತಿ ಇದೆ ಎಂದಿತು. ಎಡವಟ್ಟಾಗಿದ್ದೂ ಅಲ್ಲೇ. ಆದಾಯದ ಲೆಕ್ಕಕ್ಕೆ ಸೇರಿಸಿದ್ದ ಸಾಲಗಳ ಪಟ್ಟಿಯನ್ನು ಕೂಡಿದರೆ ಸುಮಾರು 10.67 ಕೋಟಿ, ಮೊತ್ತ ಬರೆದಿದ್ದು 24.17 ಕೋಟಿ. ಶಾಲೆಯ ಕೂಡುವ ಲೆಕ್ಕ, ಅಲ್ವಾ?

ಕರ್ನಾಟಕ ಸರ್ಕಾರ ಮೇಲ್ಮನವಿ ಹಾಕಿತು. 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಖುಲಾಸೆಯನ್ನು ರದ್ದು ಮಾಡಿತು. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರು. ಅವರ ಆಪ್ತೆ, ಸಹ ಆರೋಪಿ ಶಶಿಕಲಾ ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿಗೆ ಹೋದರು, 2021ರಲ್ಲಿ ಹೊರಬಂದರು.

ಹಾಗಾದರೆ ದುಡ್ಡು, ಅಧಿಕಾರಕ್ಕೆ ಬೆಲೆಯೇ ಇಲ್ಲವೇ? ಇದೆ. ನನ್ನ ಪ್ರಕಾರ ಅದು ಜಾಸ್ತಿ ಕಾಣುವುದು ಕೇಸು ಎಳೆಯುವುದರಲ್ಲಿ. 1996ರ ದೂರಿಗೆ ಮೊದಲ ತೀರ್ಪು ಬರಲು 18 ವರ್ಷ ಬೇಕಾಯಿತು.