ಯಾರ ಹೆಸರೂ ಕೇಳದ ಕಾವಲು

ಅಮೆರಿಕದ ಆಂತರಿಕ ಭದ್ರತೆಗೆ ಡೇಟಾ ವಿಶ್ಲೇಷಣೆ ಅಂದ್ರೆ ಜನರ ಫೋನು, ಪ್ರಯಾಣದ ವಿವರ ಜಾಲಾಡುವುದು ಅನ್ನೋ ಹಾಗೆ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅಷ್ಟೇ ಅಲ್ಲ ಸರ್. ಲಾಸ್ ಏಂಜಲೀಸ್ ವಿಮಾನ ನಿಲ್ದಾಣದ ‘ಆರ್ಮರ್’ ಅನ್ನೋ ಕಂಪ್ಯೂಟರ್ ಪ್ರೋಗ್ರಾಂ ನೋಡಿ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮಿಲಿಂದ್ ತಾಂಬೆ ಅವರ ತಂಡ ಮಾಡಿದ್ದು, 2007ರಲ್ಲಿ ಬಳಕೆಗೆ ಬಂತು. ಯಾವ ರಸ್ತೆಯಲ್ಲಿ ಯಾವಾಗ ತಪಾಸಣೆ, ಯಾವ ಟರ್ಮಿನಲ್‌ಗೆ ಪೊಲೀಸ್ ನಾಯಿ ಅಂತ ಅದು ಹೇಳುತ್ತಿತ್ತು. ಸುಮ್ನೆ ಚೀಟಿ ಎತ್ತಿದ ಹಾಗಲ್ಲ. ದಾಳಿ ಮಾಡುವವನು ಮೊದಲೇ ಬಂದು ಹೊಂಚು ಹಾಕಿ ನೋಡುತ್ತಾನೆ ಅಂತಲೇ ಲೆಕ್ಕ. ನಷ್ಟ ಜಾಸ್ತಿ ಆಗುವ ಕಡೆ ಕಾವಲೂ ಜಾಸ್ತಿ, ಆದರೆ ಯಾವ ಹೊತ್ತಿಗೆ ಅಂತ ಅವನಿಗೆ ಗೊತ್ತಾಗಬಾರದು. ಇದಕ್ಕೆ ಪ್ರಯಾಣಿಕರ ಹೆಸರೇ ಬೇಕಿಲ್ಲ! ಆಮೇಲೆ ಬಾಸ್ಟನ್ ಬಂದರಿನಲ್ಲಿ ಕೋಸ್ಟ್ ಗಾರ್ಡ್ ಗಸ್ತಿಗೂ ಇದೇ ದಾರಿ ಹಿಡಿದರು.

ಜನರನ್ನೇ ಸೋಸಲು ಹೊರಟರೆ ಕಥೆ ಬೇರೆ. 10 ಲಕ್ಷ ಜನರಲ್ಲಿ 10 ಮಂದಿ ಅಪಾಯಕಾರಿಗಳು ಅಂದುಕೊಳ್ಳಿ. ಶೇ 1ರಷ್ಟು ತಪ್ಪಿದರೂ ಏನೂ ಮಾಡದ ಸುಮಾರು 10 ಸಾವಿರ ಜನ ಸಿಕ್ಕಿಬೀಳುತ್ತಾರೆ, ಅಲ್ವಾ? ಹಾಗೆ ಶಂಕಿತರ ಪಟ್ಟಿಗೆ ಸೇರಿದವರು ಹೆಸರು ತೆಗೆಸುವುದು ಹೇಗೆ ಅನ್ನೋದನ್ನ ಮುಂದಿನ ಭಾಗದಲ್ಲಿ ದಯವಿಟ್ಟು ಬರೆಯಿರಿ.